ಹಿತ್ತಲ ಪೆಟ್ಟಿಗೆಗೆ ಬ್ಲೂಬರ್ಡ್ ಬಂದ್ರೆ ಕಾಯೋದು ಹೇಗೆ

ಮೊದಲನೇ ವರ್ಷ ಹಕ್ಕಿ ಗೂಡು ಕಟ್ಟಲಿ ಅಂತ ಅಂಗಡಿಯಿಂದ ಚಂದದ ಒಂದು ಮರದ ಪೆಟ್ಟಿಗೆ ತಂದು ಹಿತ್ತಲ ಬೇಲಿ ಕಂಬಕ್ಕೆ ಮೊಳೆ ಹೊಡೆದುಬಿಟ್ಟೆ. ಮಾರ್ಚ್ ಕೊನೇಲಿ ಒಂದು ಜೋಡಿ ಬ್ಲೂಬರ್ಡ್ ಬಂತು, ಏಪ್ರಿಲ್‌ನಲ್ಲಿ 5 ಮೊಟ್ಟೆ ಇಟ್ಟವು, ಒಂದು ಬೆಳಿಗ್ಗೆ ಹೋಗಿ ನೋಡ್ತೀನಿ ಗೂಡು ಹಾಗೇ ಇದೆ, ಒಂದು ಹುಲ್ಲಿನ ಎಳೆನೂ ಅಲುಗಿಲ್ಲ, ಮೊಟ್ಟೆ ಮಾತ್ರ ಒಂದೂ ಇಲ್ಲ. ಗೂಡು ಕೆಡದೇ ಮೊಟ್ಟೆ ಮಾಯ ಆಗಿದ್ರೆ ಅದು ಹೆಚ್ಚಾಗಿ ಹಾವು, ರಕೂನ್ ಅನ್ನೋ ಮರ ಹತ್ತೋ ಪ್ರಾಣಿ ಆಗಿದ್ರೆ ಗೂಡನ್ನ ತೂತಿನಿಂದ ಹೊರಗೆ ಎಳೆದು ಚೆಲ್ಲಾಡಿರತ್ತೆ, ಇದೆಲ್ಲ ನಂಗೆ ಆಮೇಲೆ ಗೊತ್ತಾಗಿದ್ದು. ಗಂಡು ಹಕ್ಕಿ ಎರಡು ದಿನ ಪೆಟ್ಟಿಗೆ ಮೇಲೆ ಕೂತು ತೂತಿನೊಳಗೆ ಇಣುಕಿ ಇಣುಕಿ ನೋಡ್ತಿತ್ತು. ಆ ಪೆಟ್ಟಿಗೆ ಅಲ್ಲಿ ನಾನೇ ಹಾಕಿದ್ದು, ಅದಕ್ಕೇ ಆ ಸಂಕಟ ಇನ್ನೂ ಹೋಗಿಲ್ಲ. ಪೆಟ್ಟಿಗೆ ಹಾಕೋದು ಹತ್ತು ನಿಮಿಷದ ಕೆಲಸ, ಕಾಯೋದು ಆರು ತಿಂಗಳ ಕೆಲಸ, ಎರಡನೇದು ಆಗಲ್ಲ ಅಂದ್ರೆ ಮೊದಲನೇದನ್ನೂ ಮಾಡ್ಬೇಡಿ.

ನಾವಿರೋದು ಅಮೆರಿಕದ ನಾರ್ತ್ ಕೆರೋಲೈನಾದ ಕೇರಿ (Cary) ಅನ್ನೋ ಊರಲ್ಲಿ. ಇಲ್ಲಿ ಬರೋದು ಈಸ್ಟರ್ನ್ ಬ್ಲೂಬರ್ಡ್, ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಗಂಡಿನ ಬೆನ್ನು ನಮ್ಮೂರ ಮಿಂಚುಳ್ಳಿ ಬೆನ್ನಿನ ಥರ ನೀಲಿ, ಎದೆ ಇಟ್ಟಿಗೆ ಬಣ್ಣ. ಇದರ ಕೊಕ್ಕಿಗೆ ಮರ ಕೊರೆಯೋ ಶಕ್ತಿ ಇಲ್ಲ, ಮರಕುಟಿಕ ಕೊರೆದು ಬಿಟ್ಟುಹೋದ ಪೊಟರೆನೇ ಬೇಕು. ಒಣಮರ ಎಲ್ಲ ಕಡಿದು, ಹೊಲದ ಮರದ ಕಂಬಗಳ ಜಾಗಕ್ಕೆ ಕಬ್ಬಿಣದ ಕಂಬ ಬಂದು, ಉಳಿದ ಪೊಟರೆಗಳನ್ನ ಯೂರೋಪಿನಿಂದ ತಂದುಬಿಟ್ಟ ಗುಬ್ಬಚ್ಚಿ, ಸ್ಟಾರ್ಲಿಂಗ್ ಅನ್ನೋ ಹಕ್ಕಿ ಹಿಡ್ಕೊಂಡು, ಕಳೆದ ಶತಮಾನದಲ್ಲಿ ಈ ಹಕ್ಕಿ ಕಣ್ಣಿಗೆ ಬೀಳೋದೇ ಅಪರೂಪ ಆಗಿತ್ತು. ಲಾರೆನ್ಸ್ ಜೆಲೆನಿ ಅನ್ನೋರು 1978ರಲ್ಲಿ ನಾರ್ತ್ ಅಮೆರಿಕನ್ ಬ್ಲೂಬರ್ಡ್ ಸೊಸೈಟಿ ಶುರು ಮಾಡಿದ್ರು, ಊರೂರಲ್ಲಿ ಜನ ಪೆಟ್ಟಿಗೆ ಹಾಕಿ ಕಾದ್ರು, ಹಕ್ಕಿ ವಾಪಸ್ ಬಂತು.

ಪೆಟ್ಟಿಗೆ

ತೂತು ಒಂದೂವರೆ ಇಂಚು, ಅದಕ್ಕಿಂತ ದೊಡ್ಡದಾದ್ರೆ ಸ್ಟಾರ್ಲಿಂಗ್ ನುಗ್ಗತ್ತೆ. ಒಳಗಿನ ನೆಲ ನಾಲ್ಕರಿಂದ ಐದು ಇಂಚು ಚೌಕ, ನೆಲದಿಂದ ತೂತಿಗೆ ಆರು ಇಂಚಾದ್ರೂ ಎತ್ತರ ಇರ್ಲಿ. ಪೇಂಟ್, ಕೆಮಿಕಲ್ ಹಾಕದೇ ಇರೋ ಸೀಡರ್ ಅಥವಾ ಪೈನ್ ಹಲಗೆ, ಮೇಲೆ ಗಾಳಿ ಆಡೋಕೆ ಸಂದು, ಕೆಳಗೆ ನೀರಿಳಿಯೋಕೆ ತೂತು. ತೂತಿನ ಕೆಳಗೆ ಒಳಮೈಯಲ್ಲಿ ಗರಗಸದಿಂದ ಅಡ್ಡಡ್ಡ ಗೀರು ಹಾಕಿ, ಮರಿ ಹತ್ತಿ ಬರೋಕೆ ಕಾಲಿಗೆ ಹಿಡಿತ ಬೇಕಲ್ಲ. ಹೊರಗೆ ಕೂರೋಕೆ ಅಂತ ಕಡ್ಡಿ ಸಿಕ್ಕಿಸಿದ ಪೆಟ್ಟಿಗೆ ಸಿಕ್ಕಿದ್ರೆ ಆ ಕಡ್ಡಿ ಕಿತ್ತುಹಾಕಿ, ಬ್ಲೂಬರ್ಡ್‌ಗೆ ಅದು ಬೇಡ, ಬೇಕಾಗೋದು ಗುಬ್ಬಚ್ಚಿಗೆ. ಒಂದು ಪಕ್ಕ ಬಾಗಿಲಿನ ಥರ ತೆಗೆಯೋ ಹಾಗಿರಬೇಕು, ತೆಗೆಯೋಕೆ ಬರದ ಪೆಟ್ಟಿಗೆ ಎಷ್ಟೇ ಚಂದ ಇದ್ರೂ ತರ್ಬೇಡಿ.

ಕಂಬ ಮತ್ತೆ ತಗಡಿನ ಕೊಳವೆ

ಎಲ್ಲಕ್ಕಿಂತ ಮುಖ್ಯ ಇದು. ಮರಕ್ಕೂ ಬೇಡ ಬೇಲಿಗೂ ಬೇಡ, ಎರಡೂ ಹಾವು, ರಕೂನ್, ಬೆಕ್ಕಿಗೆ ಏಣಿ ಇಟ್ಟ ಹಾಗೆ. ನಾಲ್ಕು ಅಡಿ ಕಬ್ಬಿಣದ ಸರಳು ತಗೊಂಡು ಅರ್ಧ ನೆಲಕ್ಕೆ ಹೊಡೀರಿ, ಅದರ ಮೇಲೆ ಎಲೆಕ್ಟ್ರಿಕಲ್ ಕೆಲಸಕ್ಕೆ ಬಳಸೋ ನುಣುಪಾದ ಕಂಡ್ಯೂಟ್ ಪೈಪ್ ಇಳಿಸಿ, ಅದರ ತುದಿಗೆ ಪೆಟ್ಟಿಗೆ, ನೆಲದಿಂದ ಐದು ಅಡಿ ಎತ್ತರ, ನಿಮ್ಮ ಕಣ್ಣಿನ ಮಟ್ಟಕ್ಕೆ ಬರೋ ಹಾಗೆ.

ಪೆಟ್ಟಿಗೆ ಕೆಳಗೆ ಒಂದು ಬ್ಯಾಫಲ್, ಅಂದ್ರೆ ಕಂಬ ಹತ್ತಿ ಬರೋದನ್ನ ತಡೆಯೋ ಅಡ್ಡ, ಬೇಕೇ ಬೇಕು. ಒಲೆ ಹೊಗೆ ಹೋಗೋಕೆ ಹಾಕ್ತಾರಲ್ಲ ಎಂಟು ಇಂಚು ಅಗಲದ ತಗಡಿನ ಕೊಳವೆ, ಎರಡು ಅಡಿ ಉದ್ದದ್ದು ಹಾರ್ಡ್‌ವೇರ್ ಅಂಗಡೀಲಿ ಸಿಗತ್ತೆ. ಅದರ ಮೇಲಿನ ಬಾಯಿಗೆ ಅರ್ಧ ಇಂಚಿನ ತಂತಿ ಜಾಲರಿ ಕೂರಿಸಿ, ನಡುವೆ ಕಂಬ ತೂರುವಷ್ಟೇ ತೂತು ಮಾಡಿ, ಕಂಬಕ್ಕೆ ಒಂದು ಕ್ಲ್ಯಾಂಪ್ ಬಿಗಿದು ಅದರ ಮೇಲೆ ಕೊಳವೆ ನೇತಾಡೋ ಹಾಗೆ ಬಿಡಿ. ಗಟ್ಟಿಯಾಗಿ ಬಿಗೀಬೇಡಿ, ಸ್ವಲ್ಪ ಓಲಾಡಬೇಕು. ನಮ್ಮ ಕೇರೆಹಾವಿನ ಥರ ಉದ್ದಕ್ಕಿರೋ ರ‍್ಯಾಟ್ ಸ್ನೇಕ್ ಕಂಬ ಸುತ್ಕೊಂಡು ಕೊಳವೆ ಒಳಗೇ ಮೇಲೆ ಹೋಗತ್ತೆ, ಜಾಲರಿಗೆ ತಲೆ ತಾಗಿದಾಗ ದಾರಿ ಮುಗೀತು, ವಾಪಸ್ ಇಳಿಯತ್ತೆ. ಹೊರಗಿಂದ ಹತ್ತೋಣ ಅಂದ್ರೆ ಓಲಾಡೋ ನುಣ್ಣನೆ ತಗಡಿಗೆ ಹಿಡಿತ ಸಿಗಲ್ಲ. ಹಾವಿಗೂ ಏನೂ ಆಗಲ್ಲ, ಅದು ನಂಗೆ ಸಮಾಧಾನ. ಮೊಟ್ಟೆ ಹೋದ ವರ್ಷ ಪಕ್ಕದ ಮನೆಯವರು ಕಂಬಕ್ಕೆ ಬಲೆ ಸುತ್ತಿ ಅಂದಿದ್ರು, ದಯವಿಟ್ಟು ಅದನ್ನ ಮಾಡ್ಬೇಡಿ, ಹಾವು ಸಿಕ್ಕಿಹಾಕ್ಕೊಂಡು ನರಳಿ ಸಾಯತ್ತೆ.

ಜಾಗ ಬಯಲಿರಬೇಕು, ಹುಲ್ಲು ಗಿಡ್ಡ ಇರಬೇಕು, ಯಾಕಂದ್ರೆ ಇವು ಮೇಲೆ ಕೂತು ನೆಲದ ಹುಳ ಹುಡುಕೋ ಹಕ್ಕಿ. ಯಾವ ಕೊಂಬೆಯಿಂದಲೂ ಜಿಗಿದು ಪೆಟ್ಟಿಗೆ ಮೇಲೆ ಬೀಳೋಕೆ ಆಗಬಾರದು, ಹತ್ತು ಅಡಿಯಾದ್ರೂ ದೂರ ಬಿಡಿ. ಪೊದೆ ಹತ್ತಿರ ಅಂತೂ ಬೇಡ, ಅಲ್ಲಿ ಹೌಸ್ ರೆನ್ ಅನ್ನೋ ಪುಟ್ಟ ಹಕ್ಕಿ ಇರತ್ತೆ, ಅದು ಬೇರೆಯವರ ಮೊಟ್ಟೆ ಕುಕ್ಕಿ ತೂತು ಮಾಡತ್ತೆ. ಫೆಬ್ರವರಿ ಒಳಗೆ ಇಷ್ಟೂ ಮುಗಿಸಿ.

ಗುಬ್ಬಚ್ಚಿ ವಿಷಯ

ಇದನ್ನ ಬರೆಯೋಕೆ ಕಷ್ಟ ಆಗತ್ತೆ. ಮಾರ್ಚ್ 20, ವಿಶ್ವ ಗುಬ್ಬಚ್ಚಿ ದಿನ ಬಂತು ಅಂದ್ರೆ ಬೆಂಗಳೂರಿನ ಗೆಳೆಯರೆಲ್ಲ ಗುಬ್ಬಚ್ಚಿ ಎಲ್ಹೋಯ್ತು ಅಂತ ಮರುಗ್ತಾರೆ, ಗೂಡು ನೇತುಹಾಕಿದ ಫೋಟೋ ಕಳಿಸ್ತಾರೆ, ಅದೇ ವಾರ ನಾನಿಲ್ಲಿ ಅದೇ ಗುಬ್ಬಚ್ಚಿಯ ಗೂಡು ಕಿತ್ತು ತೆಗೀತಿರ್ತೀನಿ. 1850ರ ದಶಕದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ತಂದುಬಿಟ್ಟಿದ್ದು ಇಡೀ ದೇಶ ತುಂಬ್ಕೊಂಡಿದೆ. ಗಂಡು ಗುಬ್ಬಚ್ಚಿ ಪೆಟ್ಟಿಗೆಗೆ ನುಗ್ಗಿ ಕಾವಿಗೆ ಕೂತಿರೋ ಬ್ಲೂಬರ್ಡ್ ತಲೆನೇ ಕುಕ್ಕಿ ಕೊಲ್ಲತ್ತೆ, ಆಮೇಲೆ ಅದರ ಮೇಲೇ ಗೂಡು ಕಟ್ಟತ್ತೆ. ಊರಲ್ಲಿ ಅದು ನಮ್ಮನೆ ಹಕ್ಕಿ, ಇಲ್ಲಿ ಹೊರಗಿನದು, ಎರಡೂ ನಿಜ.

ಗೂಡು ನೋಡಿ ಗುರುತು ಹಿಡೀಬಹುದು. ಒಣಹುಲ್ಲು ಇಲ್ಲಾ ಪೈನ್ ಎಲೆ ಸುತ್ತಿ ಬಟ್ಟಲಿನ ಥರ ಅಚ್ಚುಕಟ್ಟಾಗಿದ್ರೆ ಬ್ಲೂಬರ್ಡ್. ಪಾಚಿ ಮೇಲೆ ಕೂದಲು ಹಾಸಿದ್ರೆ ಚಿಕಡಿ ಅನ್ನೋ ಇನ್ನೊಂದು ಪುಟ್ಟ ಹಕ್ಕಿ, ಬರೀ ಕಡ್ಡಿ ತುಂಬಿದ್ರೆ ರೆನ್. ಹುಲ್ಲು, ಪುಕ್ಕ, ಪ್ಲಾಸ್ಟಿಕ್ ಚೂರು, ಕಾಗದ ಎಲ್ಲ ಪೆಟ್ಟಿಗೆ ತುಂಬ ತುರುಕಿದ್ರೆ ಗುಬ್ಬಚ್ಚಿ. ಇಲ್ಲಿ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆ್ಯಕ್ಟ್ ಅಂತ ಕಾನೂನಿದೆ, ಬ್ಲೂಬರ್ಡ್, ಚಿಕಡಿ, ರೆನ್ ಇವುಗಳ ಮೊಟ್ಟೆ ಮರಿ ಇರೋ ಗೂಡು ತೆಗೆಯೋ ಹಾಗಿಲ್ಲ, ಗುಬ್ಬಚ್ಚಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಖಾತ್ರಿ ಮಾಡ್ಕೊಂಡೇ ಕೈ ಹಾಕಿ. ಬ್ಲೂಬರ್ಡ್ ಮೊದಲ ಮೊಟ್ಟೆ ಇಟ್ಟ ದಿನ ಪೆಟ್ಟಿಗೆ ಮೇಲೆ ಹೊಳೆಯೋ ಪ್ಲಾಸ್ಟಿಕ್ ಪಟ್ಟಿ ತೂಗುಬಿಡಿ, ಗಾಳಿಗೆ ಆಡ್ತಾ ಇದ್ರೆ ಗುಬ್ಬಚ್ಚಿ ಹತ್ರ ಬರೋಕೆ ಹೆದರತ್ತೆ, ಮೊಟ್ಟೆ ಇಟ್ಟಿರೋ ತಾಯಿ ಹೆದರಿದ್ರೂ ಬಿಟ್ಟುಹೋಗಲ್ಲ. ಮೊಟ್ಟೆಗೂ ಮುಂಚೆ ಕಟ್ಟಿದ್ರೆ ಎರಡೂ ಓಡಿಹೋಗ್ತವೆ. ಅಂಗಳದಲ್ಲಿ ಬ್ರೆಡ್ ಚೂರು, ನವಣೆ, ಮೆಕ್ಕೆಜೋಳದ ನುಚ್ಚು ಹಾಕೋದನ್ನೂ ನಿಲ್ಲಿಸಿ.

ವಾರಕ್ಕೆ ಎರಡು ಸಲ ತೆಗೆದು ನೋಡಿ

ಬೆಳಿಗ್ಗೆ ಬೇಗ ಬೇಡ, ಮೊಟ್ಟೆ ಇಡೋದು ಆಗಲೇ. ಹತ್ತು ಗಂಟೆ ಮೇಲೆ ಹೋಗಿ, ಮಳೆ ಚಳಿ ಇದ್ರೆ ಬಿಟ್ಟುಬಿಡಿ, ಸಂಜೆ ಕತ್ತಲಾಗೋ ಹೊತ್ತಲ್ಲೂ ಬೇಡ. ಪಕ್ಕದಲ್ಲಿ ನಿಂತು ಪೆಟ್ಟಿಗೆ ಮೆಲ್ಲಗೆ ತಟ್ಟಿ, ತಾಯಿ ಹಾರಿಹೋಗೋಕೆ ಒಂದು ಗಳಿಗೆ ಬಿಟ್ಟು ತೆಗೀರಿ, ಫೋನನ್ನ ಗೂಡಿನ ಮೇಲೆ ಹಿಡಿದು ಒಂದು ಫೋಟೋ ತಗೊಂಡು ಮುಚ್ಚಿ. ಒಂದು ನಿಮಿಷದ ಒಳಗೆ ಮುಗೀಬೇಕು. ತಾಯಿ ಏಳದೇ ಕೂತಿದ್ರೆ ಸದ್ದಿಲ್ಲದೇ ಮುಚ್ಚಿ ಬಂದ್ಬಿಡಿ.

ಅಮ್ಮ ದಾವಣಗೆರೆಯಿಂದ ಬಂದಿದ್ದಾಗ ನಾನು ಬಾಗಿಲು ತೆಗೆಯೋದು ನೋಡಿ ಹಿಂದಿಂದ ಕೂಗಿದ್ರು, "ಏಯ್ ಮುಟ್ಟಬ್ಯಾಡೋ, ಮನುಷ್ಯರ ವಾಸ್ನೆ ಹತ್ತಿದ್ರೆ ತಾಯಿ ಬಿಟ್ಟು ಹೋಗ್ತೈತೆ." ಎಲ್ಲರೂ ಹೇಳೋ ಮಾತು ಇದು, ಆದ್ರೆ ಹಾಗೇನಿಲ್ಲ, ಈ ಹಕ್ಕಿಗಳು ವಾಸನೆಗೆ ಮರಿ ಬಿಡಲ್ಲ. ಮಾರನೇ ಸಲ ಅಮ್ಮನೂ ಜೊತೆಗೆ ಬಂದ್ರು, ಬಟ್ಟಲಲ್ಲಿ ಎರಡು ಮೊಟ್ಟೆ, ತಿಳಿ ನೀಲಿ, ಚುಕ್ಕಿ ಇಲ್ಲ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯೋ ಥರ ಅವತ್ತಿನ ತಾರೀಕಿನ ಕೆಳಗೆ "2" ಅಂತ ಬರೆದ್ರು, ಅಲ್ಲಿಂದ ಲೆಕ್ಕ ಎಲ್ಲ ಅಮ್ಮಂದೇ.

ಆ ಲೆಕ್ಕ ಬೇಕೇ ಬೇಕು. ದಿನಕ್ಕೊಂದರ ಹಾಗೆ ನಾಲ್ಕೈದು ಮೊಟ್ಟೆ, ಕಡೇದು ಇಟ್ಟಮೇಲೇ ತಾಯಿ ಕಾವಿಗೆ ಕೂರೋದು, ಅದಕ್ಕೆ ಮೊದಲು ಮೊಟ್ಟೆ ತಣ್ಣಗಿದೆ ಅಂತ ಗಾಬರಿ ಬೇಡ. 12ರಿಂದ 14 ದಿನಕ್ಕೆ ಒಡೀತವೆ, ಹೆಚ್ಚುಕಡಿಮೆ ಎಲ್ಲ ಒಟ್ಟಿಗೆ. ಆ ದಿನವನ್ನ ಒಂದು ಅಂತ ಎಣಿಸಿ. ಮೊದಲೆರಡು ದಿನ ಗುಲಾಬಿ ಬಣ್ಣದ ಬರಿಮೈ, ಕಣ್ಣು ಮುಚ್ಚಿರತ್ತೆ, ನಿಮ್ಮ ನೆರಳು ಬಿದ್ರೂ ಅಮ್ಮ ಬಂದಳು ಅಂದ್ಕೊಂಡು ಐದು ಹಳದಿ ಬಾಯಿ ಒಟ್ಟಿಗೆ ಮೇಲೇಳ್ತವೆ. ಗುಟುಕು ಸರಿಯಾಗಿ ಸಿಗ್ತಿದ್ಯಾ ಅಂತ ದೂರದಿಂದಲೂ ಗೊತ್ತಾಗತ್ತೆ, ಮರಿಗಳ ಹಿಕ್ಕೆ ಬಿಳೀ ಪೊರೆ ಒಳಗೆ ಕಟ್ಟಿ ಬರತ್ತೆ, ತಂದೆತಾಯಿ ಅದನ್ನ ಕೊಕ್ಕಲ್ಲಿ ಕಚ್ಕೊಂಡು ದೂರ ಒಯ್ದು ಬಿಸಾಕ್ತಾವೆ. ಅದು ಕಂಡ್ರೆ ಎಲ್ಲ ಸರಿ ಇದೆ.

ಮರಿಗೆ ಒಂದು ವಾರ ಆದಾಗ ಗೂಡನ್ನ ಸ್ವಲ್ಪ ಎತ್ತಿ ಅಡಿಯಲ್ಲಿ ನೋಡಿ. ಬೂದು ಬಣ್ಣದ ಹುಳ ಇದ್ರೆ ಅವು ಬ್ಲೋಫ್ಲೈ ಮರಿಹುಳ, ರಾತ್ರಿ ಮರಿಗಳ ರಕ್ತ ಹೀರ್ತವೆ. ತುಂಬ ಇದ್ರೆ ಮರಿಗಳನ್ನ ಬಟ್ಟೆ ಹಾಸಿದ ಬಟ್ಟಲಿಗೆ ಇಳಿಸಿ, ಹಳೇ ಗೂಡು ತೆಗೆದು, ಒಣಹುಲ್ಲನ್ನ ಅದೇ ಆಕಾರಕ್ಕೆ ಒತ್ತಿ ಕೂರಿಸಿ, ಮರಿ ವಾಪಸ್ ಇಡಿ. ಇರುವೆ ಹತ್ತಿದ್ರೆ ಕಂಬಕ್ಕೆ, ಬ್ಯಾಫಲ್ ಕೆಳಗೆ, ಗ್ರೀಸ್ ಬಳಿದ್ರೆ ಸಾಕು. ಲಾನ್‌ಗೆ ಹುಳದ ಔಷಧಿ ಹೊಡೆಸ್ಲೇಬೇಡಿ, ಮರಿಗಳ ಊಟ ಅಲ್ಲೇ ಇರೋದು.

12ನೇ ದಿನ ಆದಮೇಲೆ ಬಾಗಿಲು ಮುಟ್ಟಬೇಡಿ, ಎಷ್ಟೇ ಆಸೆ ಆದ್ರೂ. ಪುಕ್ಕ ಬಂದಿರತ್ತೆ, ಹಾರೋ ಬಲ ಬಂದಿರಲ್ಲ, ಹೆದರಿ ಹೊರಗೆ ಜಿಗಿದ್ರೆ ನೆಲದಲ್ಲಿ ಬೆಕ್ಕಿನ ಪಾಲು. ಇನ್ನು ದೂರದಿಂದ ನೋಡಿ ಅಷ್ಟೇ. ಒಂದು ಹಕ್ಕಿ ಕಾಣದಿದ್ರೂ ಇನ್ನೊಂದು ಸಾಕತ್ತೆ, ನಾಲ್ಕು ಗಂಟೆ ಕಣ್ಣಿಟ್ಟು ಕೂತ್ರೂ ಎರಡೂ ಬರದೇ ಇದ್ರೆ ಲೈಸೆನ್ಸ್ ಇರೋ ವೈಲ್ಡ್‌ಲೈಫ್ ರಿಹ್ಯಾಬಿಲಿಟೇಟರ್‌ಗೆ, ಅಂದ್ರೆ ಕಷ್ಟದಲ್ಲಿರೋ ಕಾಡುಪ್ರಾಣಿ ಪಕ್ಷಿಗಳನ್ನ ಆರೈಕೆ ಮಾಡೋರಿಗೆ, ಫೋನ್ ಮಾಡಿ, ಮನೇಲಿ ಸಾಕೋಕೆ ಹೋಗ್ಬೇಡಿ.

16ರಿಂದ 20ನೇ ದಿನದೊಳಗೆ ಹಾರಿಹೋಗ್ತವೆ. ಪೆಟ್ಟಿಗೆ ಖಾಲಿ ಆಗಿರೋದು ಖಾತ್ರಿ ಆದಮೇಲೆ ಗೂಡು ತೆಗೆದು, ಕೆರೆದು, ಒಣಗಿಸಿ, ಹೊಳೆಯೋ ಪಟ್ಟಿನೂ ಬಿಚ್ಚಿಡಿ, ಒಂದೇ ಬೇಸಿಗೇಲಿ ಎರಡು ಮೂರು ಸಲ ಮರಿ ಮಾಡ್ತಾವೆ. ಅಮ್ಮ ಊರಿಗೆ ಹೊರಡೋ ಹಿಂದಿನ ದಿನ ನಾನು ಪೆಟ್ಟಿಗೆ ಕೆರೆದು ಮುಚ್ಚಿದ್ದೆ. ಬೆಳಿಗ್ಗೆ ಸೂಟ್‌ಕೇಸ್ ಕಾರಿಗಿಡುವಾಗ ಗಂಡು ಹಕ್ಕಿ ಬೇಲಿ ಮೇಲೆ ಮರಿಗಳಿಗೆ ಗುಟುಕು ಕೊಡ್ತಿತ್ತು, ಹೆಣ್ಣು ಬಾಯಲ್ಲಿ ಪೈನ್ ಎಲೆ ಕಚ್ಕೊಂಡು ಪೆಟ್ಟಿಗೆ ತೂತಲ್ಲಿ ಕೂತಿತ್ತು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕ್ಯಾಲೆಂಡರ್‌ನಲ್ಲಿ ಬರೆದೇ ಬಂದ್ರು.