ಕೊಲೈಟಿಸ್ ಇದ್ದವರ ಕ್ಯಾನ್ಸರ್ ತಪಾಸಣೆ: ಕೆಡುವುದು ಬಾತ್‌ರೂಮಿನಲ್ಲೇ

ಕೊಲೊನೊಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಗೆ, ಹೋಗಿ ಅರ್ಧಕ್ಕೇ ವಾಪಸ್ ಬಂದವರನ್ನು ಸಾಕಷ್ಟು ನೋಡಿದ್ದೇನೆ. ಮೊದಲ ಸಲ ನಾನೂ ಹಾಗೇ ಬಂದಿದ್ದೆ. ಕರುಳು ತೊಳೆಯಲು ಕುಡಿಯಬೇಕಿದ್ದ ಎರಡನೇ ಬಾಟಲಿಯ ಔಷಧಿಯನ್ನು ಸಿಂಕಿಗೆ ಸುರಿದಿದ್ದೆ, ಇನ್ನೇನಾಗುತ್ತದೆ?

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದ ದೀರ್ಘಕಾಲದ ಉರಿಯೂತ) ಅಥವಾ ದೊಡ್ಡ ಕರುಳಿನ ಕ್ರೋನ್ಸ್ ಕಾಯಿಲೆ ವರ್ಷಗಟ್ಟಲೆ ಇದ್ದರೆ ಕರುಳಿನ ಕ್ಯಾನ್ಸರ್ ಅಪಾಯ ಜಾಸ್ತಿ. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇಲ್ಲಿ ಎಷ್ಟೋ ಸಲ ಗಂಟಿನ ಹಾಗೆ ಎದ್ದು ನಿಲ್ಲುವುದಿಲ್ಲ. ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಮಲದ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ನಂಬಿ ಕೂರಬೇಡಿ, ಕೊಲೊನೊಸ್ಕೋಪಿಯೇ ಬೇಕು.

ಮೊದಲು ಲೆಕ್ಕ ಹಾಕಿ. ಲಕ್ಷಣ ಶುರುವಾಗಿ 8 ವರ್ಷಕ್ಕೆ ಮೊದಲ ತಪಾಸಣೆ. ಆಮೇಲೆ ಅಪಾಯ ನೋಡಿ 1, 3 ಅಥವಾ 5 ವರ್ಷಕ್ಕೊಮ್ಮೆ. ಪಿತ್ತನಾಳ ಉರಿದು ಕಿರಿದಾಗುವ ಪಿ.ಎಸ್.ಸಿ. ಕಾಯಿಲೆಯೂ ಇದ್ದರೆ ಕಾಯುವಂತಿಲ್ಲ, ಅದು ಗೊತ್ತಾದಾಗಿನಿಂದ ವರ್ಷವರ್ಷವೂ ಮಾಡಿಸಬೇಕು. ಕಾಯಿಲೆ ಗುದನಾಳದಲ್ಲಷ್ಟೇ ಇದ್ದರೆ ಸಾಮಾನ್ಯವಾಗಿ ಈ ರಗಳೆ ಇಲ್ಲ.

ಕಾಯಿಲೆ ತಣ್ಣಗಿರುವಾಗ ದಿನ ಗೊತ್ತುಮಾಡಿ. ಉರಿಯೂತ ಜೋರಾಗಿದ್ದರೆ, ಕರುಳಿನಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯಾವುದು ಉರಿಯೂತ, ಯಾವುದು ಕೆಟ್ಟ ಬದಲಾವಣೆ ಅಂತ ಹೇಳುವುದು ಕಷ್ಟ. ಹಾಗಂತ ಮುಂದೂಡುತ್ತಲೇ ಹೋಗಬೇಡಿ.

ಈಗ ಕರುಳು ತೊಳೆಯುವ ಕೆಲಸ. ಐರನ್ ಮಾತ್ರೆಯನ್ನು ವಾರದ ಮುಂಚೆ ನಿಲ್ಲಿಸಿ, ಅದು ಮಲವನ್ನು ಕಪ್ಪಗೆ ಅಂಟಂಟು ಮಾಡುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಡಾಕ್ಟರನ್ನೇ ಕೇಳಿ. ಬೀಜ, ಸಿಪ್ಪೆ ಮೂರು ದಿನ ಮುಂಚೆಯೇ ಬಿಡಿ. ಕೆಂಪು, ನೇರಳೆ ಪಾನೀಯ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಕರುಳು ತೊಳೆಯಲು ನೀರಿನಲ್ಲಿ ಕಲಸಿ ಕುಡಿಯುವ ಪಿ.ಇ.ಜಿ. (ಪಾಲಿಎಥಿಲೀನ್ ಗ್ಲೈಕಾಲ್) ಪುಡಿಯನ್ನೇ ಕೇಳಿ ಪಡೆಯಿರಿ. ಸೋಡಿಯಂ ಫಾಸ್ಫೇಟ್ ಅನ್ನುವ ಇನ್ನೊಂದು ಔಷಧಿಯಾದರೆ ಕುಡಿಯುವುದು ಸ್ವಲ್ಪ, ಸುಲಭ ಅನ್ನುತ್ತಾರೆ. ಆದರೆ ಅದೇ ಕರುಳಿನಲ್ಲಿ ಸಣ್ಣ ಹುಣ್ಣು ಎಬ್ಬಿಸಬಹುದು, ನೋಡುವವರಿಗೆ ನಿಮ್ಮ ಕಾಯಿಲೆಯೇ ಕೆರಳಿದಂತೆ ಕಾಣುತ್ತದೆ. ಕಿಡ್ನಿಗೂ ಒಳ್ಳೆಯದಲ್ಲ.

ಎಲ್ಲರೂ ಎಡವುವುದು ಇಲ್ಲಿ: ಪೂರ್ತಿ ಔಷಧಿಯನ್ನು ರಾತ್ರಿಯೇ ಕುಡಿದು ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಹಳದಿ ಲೋಳೆ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಬಳಿದುಕೊಂಡಿರುತ್ತದೆ. ಆದ್ದರಿಂದ ಅರ್ಧ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ. ನಿದ್ದೆ ಹಾಳು, ಹೌದು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಿರಿ. ವಾಂತಿ ಬರುವ ಹಾಗಾದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ಕೊನೆಗೆ ಬರುವುದು ತಿಳಿ ಹಳದಿ ನೀರಾಗಿರಬೇಕು, ಕಮೋಡಿನ ತಳ ಕಾಣಬೇಕು. ಕಂದು ಕಲಕು ಇದ್ದರೆ ಸುಮ್ನೆ ಹೊರಡಬೇಡಿ, ಫೋನ್ ಮಾಡಿ ಕೇಳಿ.

ಪರೀಕ್ಷೆಯ ಹೊತ್ತಿಗೆ ನಿಮಗೆ ಮಂಪರು. ಅದಕ್ಕೇ ಮುಂಚೆಯೇ ಕೇಳಿಬಿಡಿ: ಬಣ್ಣ ಚಿಮ್ಮಿಸಿ ನೋಡುತ್ತೀರಾ? ಮೆಥಿಲೀನ್ ಬ್ಲೂ ಅಥವಾ ಇಂಡಿಗೊ ಕಾರ್ಮೈನ್ ಹರಡಿದರೆ ಚಪ್ಪಟೆ ಕಲೆಯ ಅಂಚು ಎದ್ದು ಕಾಣುತ್ತದೆ, ಅನುಮಾನ ಬಂದಲ್ಲಿಂದ ತುಣುಕು ತೆಗೆಯಬಹುದು. ಹಳೆಯ ಪದ್ಧತಿಯಲ್ಲಿ ಪ್ರತಿ 10 ಸೆಂಟಿಮೀಟರಿಗೆ ನಾಲ್ಕು ಕಡೆ, ಒಟ್ಟು ಮೂವತ್ತಕ್ಕೂ ಜಾಸ್ತಿ ತುಣುಕು ಕಣ್ಣುಮುಚ್ಚಿ ತೆಗೆದಂತೆ. ನನ್ನ ಓಟು ಬಣ್ಣಕ್ಕೆ.

ರಿಪೋರ್ಟಿನಲ್ಲಿ ಬೋಸ್ಟನ್ ಸ್ಕೋರ್ ಹುಡುಕಿ, ಕರುಳು ಎಷ್ಟು ಶುಚಿಯಾಗಿತ್ತು ಅಂತ ಹೇಳುವ ಅಂಕ ಅದು. ಕರುಳಿನ ಮೂರು ಭಾಗಕ್ಕೂ ಕನಿಷ್ಠ 2 ಅಂಕ ಬಂದಿರಬೇಕು. ಮಾರನೇ ದಿನ ಮಲ ನೀಲಿಯಾಗಿ ಬಂದರೆ ಗಾಬರಿ ಬೇಡ, ಅದು ಚಿಮ್ಮಿಸಿದ ಬಣ್ಣ.