ಘಂಟಾಗಾಡಿ ಗುತ್ತಿಗೆಯ ಬಾಕಿ ವಸೂಲಿ: ನಾನು ಕಡತ ಕಟ್ಟುವ ಬಗೆ

ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಗಡಿ ಪಟ್ಟಣಗಳಲ್ಲಿ ಘಂಟಾಗಾಡಿಯ, ಅಂದರೆ ಮನೆಮನೆಯ ಕಸ ಒಯ್ಯುವ ಗಾಡಿಯ, ಗುತ್ತಿಗೆ ಹಿಡಿದವರು ಬಾಕಿ ಬಿಲ್ಲು ಹಿಡಿದು ಬಂದರೆ ನಾನು ಮೊದಲು ಕೇಳುವುದು ತೂಕದ ಚೀಟಿ. ಕರಾರುಪತ್ರ ಆಮೇಲೆ. ‘ಅನುದಾನ ಬಂದಿಲ್ಲ’ ಎನ್ನುವ ನಗರ ಪರಿಷತ್ತಿನ ಮಾತು ಕೋರ್ಟಿನಲ್ಲಿ ಬಹಳ ಹೊತ್ತು ನಿಲ್ಲದು. ಎಷ್ಟು ಟನ್, ಎಷ್ಟು ಖೇಪು (ಗಾಡಿಯ ಸುತ್ತು), ಎಷ್ಟು ದಂಡ ಎಂಬಲ್ಲೇ ಜಗ್ಗಾಟ.

ಟನ್ ಲೆಕ್ಕದ ಗುತ್ತಿಗೆಯಾದರೆ ಪ್ರತಿ ಖೇಪಿಗೂ ತುಂಬಿದ ತೂಕ, ಖಾಲಿ ತೂಕ ಎರಡೂ ಬೇಕು. ಖಾಲಿ ಗಾಡಿಯನ್ನು ಒಮ್ಮೆ ತೂಗಿ ಅದೇ ಅಂಕಿಯನ್ನು ತಿಂಗಳುಗಟ್ಟಲೆ ಬರೆದರೆ ಆಡಿಟ್‌ನವರು ಅಲ್ಲೇ ಹಿಡಿಯುತ್ತಾರೆ. ಆರ್‌ಸಿಯಲ್ಲಿ ನಮೂದಾದ ಭಾರಕ್ಕಿಂತ ಚೀಟಿಯ ತೂಕ ಹೆಚ್ಚಿದ್ದರೂ ಅಷ್ಟೇ, ಆ ಖೇಪನ್ನೇ ಸುಳ್ಳು ಎನ್ನುತ್ತಾರೆ. ಮಳೆಗಾಲದ ಒದ್ದೆ ಕಸದಲ್ಲಿ ಇದು ನಿಜಕ್ಕೂ ಆಗುತ್ತದೆ. ಜೂನ್ ಬಂತೆಂದರೆ ಭಾರ ಇಳಿಸಿ ಖೇಪು ಹೆಚ್ಚಿಸಿ ಎನ್ನುತ್ತೇನೆ. ತೂಕದ ಕಾಟಾಕ್ಕೆ ಆ ವರ್ಷದ ಮುದ್ರೆ ಬಿದ್ದ ಪ್ರಮಾಣಪತ್ರದ ನಕಲೂ ಕಡತದಲ್ಲಿರಬೇಕು. ಥರ್ಮಲ್ ಕಾಗದದ ಚೀಟಿಯ ಅಕ್ಷರ ಅಳಿಸಿಹೋಗುತ್ತದೆ, ಅಂದೇ ಜೆರಾಕ್ಸ್ ಆಗಬೇಕು. ಡ್ರೈವರ್ ವಹಿಯನ್ನು ಕನ್ನಡದಲ್ಲಿ ಬರೆದರೆ ಅಡ್ಡಿಯಿಲ್ಲ, ಅಂಕಿ ಮಾತ್ರ 1, 2, 3 ಎಂದೇ ಇರಲಿ. ಮರಾಠಿ ಓದುವ ಲೇಖಾಪಾಲರಿಗೂ ಅದು ತಿಳಿಯಬೇಕಲ್ಲ. ತಿಂಗಳ ಕೊನೆಗೆ ಸ್ವಚ್ಛತಾ ನಿರೀಕ್ಷಕರ ಸಹಿ ಬೀಳದ ವಹಿಗೆ ಬೆಲೆ ಕಡಿಮೆ.

ಬಿಲ್ಲಿನ ಜೊತೆ ಪಿಎಫ್, ಇಎಸ್‌ಐ ಚಲನ್ ಮತ್ತು ಕಾರ್ಮಿಕರ ಖಾತೆಗೆ ಸಂಬಳ ಹೋದ ದಾಖಲೆ ಲಗತ್ತಿಸಿ, ಆವಕ (ಟಪಾಲು ಸ್ವೀಕರಿಸುವ) ವಿಭಾಗದ ಪೋಚ್, ಅಂದರೆ ತಾರೀಖು ಹಾಕಿದ ಸ್ವೀಕೃತಿ, ತೆಗೆದುಕೊಳ್ಳುವುದು ಕಡ್ಡಾಯ. ಸುಮ್ಮನೆ ಮೇಜಿನ ಮೇಲಿಟ್ಟು ಬಂದ ಬಿಲ್ಲಿಗೆ ತಾರೀಖೇ ಇರುವುದಿಲ್ಲ. ತಾರೀಖು ಇಲ್ಲದಿದ್ದರೆ ಬಡ್ಡಿ ಎಲ್ಲಿಂದ ಎಣಿಸುವುದು?

ದಂಡದ ವಿಷಯಕ್ಕೆ ಬರೋಣ. ಗುತ್ತಿಗೆದಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಕೈಗೆ ಸಿಗುತ್ತದೆ. ಸೇವೆ ಕೊಟ್ಟ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ಅದು ಒಪ್ಪಿಗೆಯಾದಂತೆ. ಎಂಟು ತಿಂಗಳ ಮೇಲೆ ‘ಮೂರನೇ ವಾರ್ಡಿಗೆ ಗಾಡಿ ಬಂದಿರಲಿಲ್ಲ’ ಎಂದು ದಂಡ ಕಡಿದವರಿಗೆ ಇದೇ ಉತ್ತರ. ಕರಾರಿನಲ್ಲಿ ಏನೇ ಬರೆದಿರಲಿ, ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ದರ ಶೇ. 6 ಎಂದಿಟ್ಟುಕೊಂಡರೆ 10 ಲಕ್ಷಕ್ಕೆ ವರ್ಷದ ಬಡ್ಡಿ ಸುಮಾರು 1 ಲಕ್ಷ 95 ಸಾವಿರ. ಈ ಕೋಷ್ಟಕವನ್ನು ಬಿಲ್ಲುವಾರು ಮಾಡಿ ನೋಟಿಸಿಗೆ ಅಂಟಿಸಿದರೆ ಮುಖ್ಯಾಧಿಕಾರಿಗಳು ತಾವಾಗಿ ಕರೆಯುವುದುಂಟು.

ಕರೆಯದಿದ್ದರೆ ಅದೇ ಕಾಯ್ದೆಯ 18ನೇ ಕಲಮಿನಡಿ, ಸಣ್ಣ ಉದ್ಯಮಗಳ ಬಾಕಿ ತಕರಾರು ತೀರಿಸುವ ಸೌಲಭ್ಯ ಮಂಡಳಿಗೆ ಆನ್‌ಲೈನ್ ಅರ್ಜಿ. ತೀರ್ಪನ್ನು ಪರಿಷತ್ತು ಪ್ರಶ್ನಿಸಬೇಕಾದರೆ ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಈ ದಾರಿಯ ಬಲವೇ ಅದು. ಆದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ) ಕಾರ್ಯಾದೇಶಕ್ಕಿಂತ ಮೊದಲೇ ಆಗಿರಲಿ. ಕೆಲಸ ಮುಗಿದ ಮೇಲೆ ನೋಂದಾಯಿಸಿ ಹಿಂದಿನ ಬಿಲ್ಲಿಗೆ ಲಾಭ ಕೇಳಲಾಗದು ಎಂದು 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೋಂದಣಿ ಇಲ್ಲದವರಿಗೆ ವಾಣಿಜ್ಯ ನ್ಯಾಯಾಲಯ: ಮೊತ್ತ 3 ಲಕ್ಷಕ್ಕಿಂತ ಕಡಿಮೆಯಿರಬಾರದು, ತುರ್ತು ಪರಿಹಾರ ಬೇಡುವ ದಾವೆಯಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಪರಿಷತ್ತೇ ಬಾಕಿ ಒಪ್ಪಿ ಸುಮ್ಮನಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. 2025ರ ಆಗಸ್ಟ್‌ನಿಂದ ಬಾಂಬೆ ಹೈಕೋರ್ಟಿನ ಪೀಠ ಕೊಲ್ಹಾಪುರದಲ್ಲೇ ಇರುವುದರಿಂದ ಮುಂಬಯಿ ಖರ್ಚು ಉಳಿದಿದೆ. ತೂಕದಲ್ಲೇ ತಕರಾರಿದ್ದರೆ ರಿಟ್ಟಿಗೆ ಕೈ ಹಾಕಬೇಡಿ; ‘ಸಿವಿಲ್ ದಾರಿ ಹಿಡಿಯಿರಿ’ ಎಂದು ಹೈಕೋರ್ಟು ವಾಪಸ್ ಕಳಿಸುವ ಸಂಭವವೇ ಹೆಚ್ಚು.

ಅವಧಿ ಮುಗಿದರೂ ಹೊಸ ಟೆಂಡರ್ ಆಗದೆ ಬಾಯಿಮಾತಿನ ಮೇಲೆ ಗಾಡಿ ಓಡಿಸಿದ ತಿಂಗಳುಗಳೇ ತೊಡಕಿನವು. ಮುದತವಾಢದ (ಅವಧಿ ವಿಸ್ತರಣೆಯ) ಪತ್ರವಿಲ್ಲದಿದ್ದರೆ ಕರಾರು ಕಾಯ್ದೆಯ 70ನೇ ಕಲಮಿನ ಮೇಲೆ ನಿಲ್ಲಬೇಕು: ಪುಕ್ಕಟೆಯಾಗಿ ಮಾಡಿದ್ದಲ್ಲ, ಪಟ್ಟಣಕ್ಕೆ ಲಾಭವಾಗಿದೆ ಎಂದು ತೋರಿಸಬೇಕು. ಆಗ ಹಳೆಯ ದರವೇ ಸಿಗುತ್ತದೆಂಬ ಖಾತ್ರಿಯಿಲ್ಲ.

ಕಾಲಮಿತಿ ಮೂರು ವರ್ಷ, ಒಂದೊಂದು ಬಿಲ್ಲಿಗೂ ಬೇರೆಬೇರೆ. ಅದರೊಳಗೆ ‘ನಿಮ್ಮ ಬಾಕಿ ಇದೆ’ ಎಂದು ಸಹಿಯಾದ ಪತ್ರ ಬಂದರೆ ಆ ದಿನದಿಂದ ಹೊಸ ಎಣಿಕೆ. ಅರ್ಧ ಹಣ ಕೊಡುವಾಗ ‘ಪೂರ್ಣ ಬಾಕಿ ಸಂದಿದೆ’ ಎಂಬ ಅಚ್ಚಿನ ಕಾಗದಕ್ಕೆ ಸಹಿ ಕೇಳುತ್ತಾರೆ. ಅದರ ಮೇಲೆ ‘ಉಳಿದ ಮೊತ್ತ ಮತ್ತು ಬಡ್ಡಿಯ ತಕರಾರು ಕಾಯ್ದಿರಿಸಿ’ ಎಂದು ಕೈಬರಹದಲ್ಲಿ ಸೇರಿಸಿಯೇ ಸಹಿ ಹಾಕಿಸುತ್ತೇನೆ. ಒಪ್ಪದಿದ್ದರೆ ಅದೇ ದಿನ ಅದೇ ಮಾತನ್ನು ಬರೆದು ರಿಜಿಸ್ಟರ್ ಅಂಚೆಗೆ.