ಹಳೆಯ ಜೀಪಿನ ಹೆಡ್‌ಲೈಟ್ ಸ್ವಿಚ್: ಬದಲಿಸುವ ಮೊದಲು ಪರೀಕ್ಷಿಸುವ ಕ್ರಮ

ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಸಿಜೆ-3ಬಿ ಜೀಪನ್ನು ಮಹೀಂದ್ರ ಕಂಪನಿ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು. ಅಂತಹ ಜೀಪನ್ನು ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಜೋಪಾನವಾಗಿ ಇಟ್ಟುಕೊಂಡವರು ಹೆಡ್‌ಲೈಟ್ ಕೈಕೊಟ್ಟ ಕೂಡಲೇ ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಕಿತ್ತು, ಅಲ್ಲಿ ಅಗ್ಗದ ಟಾಗಲ್ ಸ್ವಿಚ್ ಕೂಡಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ಮೂಲ ಸ್ವಿಚ್ ಮತ್ತೆ ಸುಲಭವಾಗಿ ಸಿಗುವ ವಸ್ತುವಲ್ಲ. ಅಲ್ಲದೆ ದೋಷವು ಅನೇಕ ಸಲ ಅದರಲ್ಲಿ ಇರುವುದೇ ಇಲ್ಲ. ಆದ್ದರಿಂದ ದೋಷ ಎಲ್ಲಿದೆಯೆಂದು ಖಚಿತವಾಗುವವರೆಗೆ ಸ್ವಿಚ್ಚಿಗೆ ಸ್ಪ್ಯಾನರ್ ಹಾಕಬಾರದು.

ಮೊದಲು ಲಕ್ಷಣವನ್ನು ಗಮನಿಸಬೇಕು. ಇಂತಹ ಜೀಪುಗಳಲ್ಲಿ ಸಾಮಾನ್ಯವಾಗಿ ಸ್ವಿಚ್ಚಿನ ಗುಂಡಿಯನ್ನು ಒಂದು ಹಂತ ಎಳೆದರೆ ಪಾರ್ಕಿಂಗ್ ದೀಪ, ಇನ್ನೊಂದು ಹಂತ ಎಳೆದರೆ ಹೆಡ್‌ಲೈಟ್ ಹತ್ತುತ್ತದೆ. ಒಂದೇ ಬದಿಯ ದೀಪ ಹತ್ತದಿದ್ದರೆ ತಪ್ಪು ಸ್ವಿಚ್ಚಿನದಲ್ಲ. ಆ ಬದಿಯ ಬಲ್ಬು, ಹೋಲ್ಡರು ಅಥವಾ ಅರ್ಥಿಂಗನ್ನು (ಕರೆಂಟ್ ಜೀಪಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯನ್ನು) ನೋಡಬೇಕು. ಎರಡೂ ಬದಿಯಲ್ಲಿ ಹೈ ಬೀಮ್ ಮಾತ್ರ ಅಥವಾ ಲೋ ಬೀಮ್ ಮಾತ್ರ ಹತ್ತುತ್ತಿದ್ದರೆ ಕಾಲಿನಿಂದ ಒತ್ತಿ ಹೈ-ಲೋ ಬೀಮ್ ಬದಲಿಸುವ ಡಿಪ್ಪರ್ ಸ್ವಿಚ್ಚನ್ನು ಸಂಶಯಿಸಬೇಕು. ಪಾರ್ಕಿಂಗ್ ದೀಪ ಹತ್ತಿ, ಎರಡು ಹೆಡ್‌ಲೈಟುಗಳೂ ಎರಡು ಬೀಮಿನಲ್ಲಿಯೂ ಸತ್ತಿದ್ದರೆ ಡ್ಯಾಶ್‌ಬೋರ್ಡಿನ ಸ್ವಿಚ್ ಅಥವಾ ಅಲ್ಲಿಂದ ಡಿಪ್ಪರಿನವರೆಗಿನ ಭಾಗವನ್ನು ಪರೀಕ್ಷಿಸಬೇಕು. ದೀಪಗಳು ತಮ್ಮಷ್ಟಕ್ಕೆ ಆರಿ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುತ್ತಿದ್ದರೆ ಎಚ್ಚರ ವಹಿಸಬೇಕು: ಕೆಲವು ಹಳೆಯ ಸ್ವಿಚ್ಚುಗಳಲ್ಲಿ ಒಳಗೇ ಒಂದು ಸರ್ಕ್ಯೂಟ್ ಬ್ರೇಕರ್ ಇದ್ದು, ಕರೆಂಟ್ ಮಿತಿ ಮೀರಿದಾಗ ಅದು ಬಿಸಿಯಾಗಿ ಕಡಿದು, ತಣ್ಣಗಾದಾಗ ಮತ್ತೆ ಕೂಡುತ್ತದೆ. ಅದು ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಹುಡುಕಬೇಕಾದದ್ದು ಎಲ್ಲಿಯೋ ಜೀಪಿನ ಬಾಡಿಗೆ ತಾಗುತ್ತಿರುವ ತಂತಿಯನ್ನು ಅಥವಾ ಮಿತಿ ಮೀರಿದ ವ್ಯಾಟಿನ ಬಲ್ಬನ್ನು.

ಕಾಲಿನ ಡಿಪ್ಪರ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಮೊದಲು ಕೆಡುವುದು ಅದೇ. ಗದಗ, ನವಲಗುಂದದ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳು ಅದರೊಳಗೆ ಇಳಿಯುತ್ತದೆ. ಕಲಘಟಗಿ, ಹಾನಗಲ್ಲ ಕಡೆ ಮಳೆಗಾಲದಲ್ಲಿ ಕಾಲಿನ ಕೆಸರೂ ನೀರೂ ಸೇರಿ ಟರ್ಮಿನಲ್ಲುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಹೆಡ್‌ಲೈಟ್ ಸ್ವಿಚ್ ಎಳೆದಿಟ್ಟು, ಡಿಪ್ಪರಿಗೆ ಕರೆಂಟ್ ತರುವ ಟರ್ಮಿನಲ್ಲನ್ನೂ ಲೋ ಬೀಮಿನ ಟರ್ಮಿನಲ್ಲನ್ನೂ ಒಂದು ದಪ್ಪ ತಂತಿಯಿಂದ ಕ್ಷಣಕಾಲ ಜೋಡಿಸಿ ನೋಡಿರಿ. ದೀಪ ಹತ್ತಿದರೆ ಡಿಪ್ಪರ್ ಕೆಟ್ಟಿದೆಯೆಂದು ತಿಳಿಯಬೇಕು. ತಂತಿಯ ತುದಿ ಬಾಡಿಗೆ ತಾಗದಂತೆ ನೋಡಿಕೊಳ್ಳಬೇಕು.

ದೀಪ ಹತ್ತಿಯೂ ಮಂದವಾಗಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಬೇಕು. ಅದನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿಯನ್ನು ಸ್ವಿಚ್ಚಿಗೆ ಬ್ಯಾಟರಿಯಿಂದ ಬರುವ ಟರ್ಮಿನಲ್ಲಿಗೂ, ಇನ್ನೊಂದನ್ನು ಹೆಡ್‌ಲೈಟಿಗೆ ಹೋಗುವ ಟರ್ಮಿನಲ್ಲಿಗೂ ಹಿಡಿಯಬೇಕು. 0.2 ವೋಲ್ಟಿನ ಒಳಗಿದ್ದರೆ ಸ್ವಿಚ್ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಒಳಗಿನ ಕಾಂಟ್ಯಾಕ್ಟುಗಳು ಸುಟ್ಟಿವೆ ಅಥವಾ ಕಿಲುಬು ಹಿಡಿದಿವೆ. ಇದೇ ರೀತಿ ದೀಪದ ಅರ್ಥಿಂಗ್ ತಂತಿಗೂ ಬ್ಯಾಟರಿಯ ಅರ್ಥಿಂಗ್ ತುದಿಗೂ ನಡುವೆ ಅಳೆಯಬೇಕು. ಈ ಸಣ್ಣ ನಷ್ಟವನ್ನು ಕಡೆಗಣಿಸಲಾಗದು: ಬಲ್ಬಿಗೆ ಸೇರುವ ವೋಲ್ಟೇಜ್ ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ.

ಸ್ವಿಚ್ಚಿನದೇ ದೋಷವೆಂದು ಖಚಿತವಾದ ಮೇಲೆ ಬ್ಯಾಟರಿಯ ಅರ್ಥಿಂಗ್ ಕೇಬಲ್ಲನ್ನು ಕಳಚಿರಿ. ಕೆಲವು ಹಳೆಯ ವಾಹನಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುವುದುಂಟು. ಊಹಿಸದೆ ಕಣ್ಣಿಂದ ನೋಡಿ ನಿರ್ಧರಿಸಬೇಕು. ತಂತಿಗಳ ಬಣ್ಣ ಮಾಸಿರುವುದರಿಂದ ಫೋಟೊ ತೆಗೆದು, ಪ್ರತಿಯೊಂದಕ್ಕೂ ಚೀಟಿ ಕಟ್ಟಬೇಕು. ಗುಂಡಿಯನ್ನು ಹಿಡಿದಿರುವ ಸಣ್ಣ ಸ್ಕ್ರೂ ಅಥವಾ ಸ್ಪ್ರಿಂಗ್ ಪಿನ್ನನ್ನು ಬಿಡಿಸಿ, ಮುಂದಿನ ನಟ್ಟನ್ನು ತೆಗೆದರೆ ಸ್ವಿಚ್ ಹಿಂಬದಿಯಿಂದ ಬರುತ್ತದೆ. ಗುಂಡಿಯನ್ನು ಬಲವಂತವಾಗಿ ತಿರುವಬೇಡಿರಿ, ಹಳೆಯ ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ಸೀಳುತ್ತದೆ.

ಒಳಗಿನ ತಾಮ್ರದ ಕಾಂಟ್ಯಾಕ್ಟುಗಳನ್ನು 600 ನಂಬರಿನ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಬಟ್ಟೆಯಿಂದ ಒರೆಸಬೇಕು. ಆಳವಾದ ಕುಳಿ ಬಿದ್ದಿದ್ದರೆ ಅಥವಾ ಸ್ಪ್ರಿಂಗ್ ಬಿಸಿಗೆ ಮೆತ್ತಗಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅದೇ ಬಗೆಯ ಸ್ವಿಚ್ ಹುಡುಕುವುದು ಲೇಸು.

ಇಷ್ಟಕ್ಕೆ ನಿಲ್ಲಿಸಿದರೆ ಸ್ವಿಚ್ ಮತ್ತೆ ಸುಡಬಹುದು. 45 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಎಳೆದರೆ, ಹೆಚ್ಚಿನ ಬೆಳಕಿನ ಆಸೆಗೆ ಹಾಕುವ 100 ವ್ಯಾಟಿನ ಜೋಡಿ 16 ಆಂಪಿಯರ್ ಮೀರುತ್ತದೆ. ಹೈ ಮತ್ತು ಲೋ ಬೀಮಿಗೆ ಪ್ರತ್ಯೇಕವಾಗಿ 30 ಆಂಪಿಯರಿನ ಒಂದೊಂದು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಕೂಡಿಸುವ ಸಾಧನ) ಹಾಕಿದರೆ ಈ ಭಾರ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ರಿಲೇಯ ಟರ್ಮಿನಲ್ ನಂಬರುಗಳಂತೆ ಡಿಪ್ಪರಿನಿಂದ ಬರುವ ತಂತಿ 86ಕ್ಕೆ, 85 ಅರ್ಥಿಂಗಿಗೆ, ಬ್ಯಾಟರಿಯಿಂದ ಫ್ಯೂಜಿನ ಮೂಲಕ ಬರುವ ತಂತಿ 30ಕ್ಕೆ, 87ರಿಂದ ದೀಪಗಳಿಗೆ. ಸಾಮಾನ್ಯ ವ್ಯಾಟಿನ ಬಲ್ಬುಗಳಿಗೆ 15 ಆಂಪಿಯರಿನ ಫ್ಯೂಜೂ 2.5 ಚದರ ಮಿಲಿಮೀಟರಿನ ತಂತಿಯೂ ಸಾಕು. 6 ವೋಲ್ಟಿನ ವಾಹನವಾದರೆ ರಿಲೇಯೂ 6 ವೋಲ್ಟಿನದೇ ಆಗಬೇಕು. ರಿಲೇಗಳನ್ನು ಬಾನೆಟ್ಟಿನ ಒಳಗೆ ಮರೆಯಾಗಿ ಕೂಡಿಸಿ, ಮೂಲ ವೈರಿಂಗನ್ನು ಕತ್ತರಿಸದೆ ಉಳಿಸುವುದು ಒಳ್ಳೆಯದು. 50 ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ಕೇಂದ್ರ ನಿಯಮಗಳು ಮೂಲ ಸ್ವರೂಪ ಉಳಿದಿರಬೇಕೆಂದು ಕೇಳುತ್ತವೆ.

ಎಲ್ಲವನ್ನೂ ಜೋಡಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟನ್ನು ಹತ್ತು ನಿಮಿಷ ಉರಿಸಿ ಸ್ವಿಚ್ಚಿನ ಹಿಂಬದಿಯನ್ನು ಮುಟ್ಟಿ ನೋಡಿರಿ. ರಿಲೇ ಇದ್ದೂ ಅದು ಬಿಸಿಯಾಗಿದ್ದರೆ ಟರ್ಮಿನಲ್ಲಿನ ಸ್ಕ್ರೂ ಸಡಿಲವಾಗಿದೆಯೇ, ಇಲ್ಲವೆ ಯಾವುದಾದರೂ ತಂತಿ ಇನ್ನೂ ಹಳೆಯ ದಾರಿಯಲ್ಲಿಯೇ ದೀಪಕ್ಕೆ ಕರೆಂಟ್ ಒಯ್ಯುತ್ತಿದೆಯೇ ಎಂದು ಚೀಟಿಗಳನ್ನು ನೋಡಿ ಪರಿಶೀಲಿಸಬೇಕು.